ಹಗುರವಾದ ಕೈ, ಸರಿಯಾದ ಅಳತೆ

ವೈಯಾವೃತ್ಯವೆಂಬ ಪದವನ್ನು ಶ್ರಾವಕರು ಸಾಮಾನ್ಯವಾಗಿ ಮುನಿಸಂಘದ ಸೇವೆಗೆ ಮೀಸಲಾಗಿಟ್ಟು ಮಾತನಾಡುತ್ತಾರೆ. ತತ್ತ್ವಾರ್ಥಸೂತ್ರವು ಆರು ಅಂತರಂಗ ತಪಸ್ಸುಗಳಲ್ಲಿ ಅದನ್ನು ಮೂರನೆಯದಾಗಿ ಎಣಿಸಿದೆ. ಸೇವೆಗೆ ಪಾತ್ರರಾದ ಹತ್ತು ಬಗೆಯವರಲ್ಲಿ ‘ಗ್ಲಾನ’ನಿಗೆ, ಎಂದರೆ ರೋಗದಿಂದ ಬಳಲಿದವನಿಗೆ, ಪ್ರತ್ಯೇಕ ಸ್ಥಾನವನ್ನು ಕೊಟ್ಟಿದೆ. ಅಲ್ಲಿ ಹೇಳಿರುವುದು ಮುನಿಗಳ ವಿಷಯವೇ ಆದರೂ, ಮನೆಯ ರೋಗಿಯ ಮಂಚದ ಬಳಿ ಕುಳಿತ ಗೃಹಸ್ಥನಿಗೂ ಅದರಿಂದ ಕಲಿಯುವುದಿದೆ. ಸೇವೆಯನ್ನು ದಾನದ ಜೊತೆಗಲ್ಲ, ತಪಸ್ಸಿನ ಜೊತೆಗೆ ಎಣಿಸಿರುವುದಕ್ಕೆ ಕಾರಣವಿದೆ. ದಾನವನ್ನು ಹಣದಿಂದ ಪೂರೈಸಬಹುದು. ಸೇವೆಗೆ ಸ್ವಂತ ಕೈ ಬೇಕು, ಹೊತ್ತು ಬೇಕು, ಆ ಕೈಗೆ ಸಂಯಮವೂ ಬೇಕು. ಮೊಣಕಾಲಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮನೆಗೆ ಮರಳಿದ ಹಿರಿಯರ ಆರೈಕೆಯಲ್ಲಿ ಈ ಮಾತು ಎಷ್ಟು ನಿಜವೆಂಬುದು ಇಂದು ಕರಾವಳಿಯ ಅನೇಕ ಮನೆಗಳಲ್ಲಿ ಕಾಣುತ್ತಿದೆ.

ಉಡುಪಿ ಜಿಲ್ಲೆಯ ಹಿರಿಯರಿಗೆ ಮೊಣಕಾಲಿನ ನೋವು ಹೊಸದಲ್ಲ. ನೆಲದ ಮೇಲೆ ಕುಳಿತು ಉಣ್ಣುವುದು, ಗದ್ದೆಯಲ್ಲಿ ಬಗ್ಗಿ ನೇಜಿ ನೆಡುವುದು, ಬಸದಿಯಲ್ಲಿ ಪದ್ಮಾಸನ ಹಾಕಿ ಸಾಮಾಯಿಕ ಮಾಡುವುದು, ಕಾರ್ಕಳದಲ್ಲಿ 1432ರಲ್ಲಿ ಪ್ರತಿಷ್ಠೆಗೊಂಡ ಗೊಮ್ಮಟಸ್ವಾಮಿಯ ದರ್ಶನಕ್ಕೆ ಬಂಡೆಯ ಮೆಟ್ಟಿಲು ಹತ್ತುವುದು, ಇವೆಲ್ಲ ಮೊಣಕಾಲನ್ನು ನಂಬಿದ ಬದುಕು. ಮೃದ್ವಸ್ಥಿ ಸವೆದು ಎಲುಬಿಗೆ ಎಲುಬು ಉಜ್ಜತೊಡಗಿದಾಗ ಹಿಂದಿನವರು ಕೋಲು ಹಿಡಿದರು, ಅನಂತರ ಮನೆ ಹಿಡಿದರು. ಈಗ ಬೇರೊಂದು ದಾರಿ ಇದೆ. ಡಾ. ಟಿ.ಎಂ.ಎ. ಪೈಯವರು 1953ರಲ್ಲಿ ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದ ಬಳಿಕ ದೊಡ್ಡ ಶಸ್ತ್ರಚಿಕಿತ್ಸೆಗಳು ಈ ಭಾಗದವರಿಗೆ ಹತ್ತಿರವಾದವು. ಸವೆದ ಎಲುಬಿನ ತುದಿಗಳನ್ನು ತೆಗೆದು, ಕೋಬಾಲ್ಟ್-ಕ್ರೋಮಿಯಂನಂಥ ಮಿಶ್ರಲೋಹದ ಹೊದಿಕೆಯನ್ನು ಕೂಡಿಸಿ, ನಡುವೆ ಗಟ್ಟಿ ಪ್ಲಾಸ್ಟಿಕ್ಕಿನ ಪದರವನ್ನು ಇಡುವ ಈ ಚಿಕಿತ್ಸೆ ಇಂದು ಸಾಮಾನ್ಯವಾಗಿದೆ. 2017ರ ಆಗಸ್ಟ್‌ನಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರವು ಇಂಥ ಲೋಹದ ಮೊಣಕಾಲಿಗೆ ತೆರಿಗೆ ಹೊರತು 54,720 ರೂಪಾಯಿಗಳ ಮಿತಿಯನ್ನು ಹಾಕಿತು. ಅದಕ್ಕೂ ಮೊದಲು ಅದೇ ವಸ್ತುವಿಗೆ ಒಂದೂವರೆ ಲಕ್ಷದವರೆಗೆ ತೆರುತ್ತಿದ್ದರು. ಹೀಗೆ ಲೋಹದ ಬೆಲೆಗೆ ಒಂದು ಮಿತಿ ಬಂದಿತು. ಮನೆಗೆ ಬಂದ ಮೇಲಿನ ಆರೈಕೆಗೆ ಮಾತ್ರ ಯಾವ ದರಪಟ್ಟಿಯೂ ಇಲ್ಲ.

ಆ ಆರೈಕೆಯ ಮೊದಲ ಶತ್ರು ಬಾವು. ಶಸ್ತ್ರಚಿಕಿತ್ಸೆಯಾದ ಕಾಲು ತೊಡೆಯಿಂದ ಪಾದದವರೆಗೆ ಊದಿಕೊಳ್ಳುವುದು ಸಹಜ. ಕೀಲಿನೊಳಗೆ ರಕ್ತ ಜಿನುಗಿರುತ್ತದೆ. ಗಾಯ ಮಾಯುವ ಪ್ರಯತ್ನದಲ್ಲಿ ಸಣ್ಣ ರಕ್ತನಾಳಗಳಿಂದ ದ್ರವ ಹೊರಬರುತ್ತದೆ. ಆ ದ್ರವವನ್ನು ಹಿಂದಕ್ಕೆ ಒಯ್ಯಬೇಕಾದ ದುಗ್ಧನಾಳಗಳಲ್ಲಿ ಕೆಲವು ಕತ್ತರಿಸಿಹೋಗಿರುತ್ತವೆ, ಉಳಿದವುಗಳ ಮೇಲೆ ಹೊರೆ ಹೆಚ್ಚಾಗಿರುತ್ತದೆ. ಮೊದಲ ಒಂದೆರಡು ವಾರ ಬಾವು ಹೆಚ್ಚು. ಪೂರ್ಣವಾಗಿ ಇಳಿಯಲು ತಿಂಗಳುಗಳೇ ಹಿಡಿಯಬಹುದು. ಬಾವಿನಿಂದ ನೋವು ಮಾತ್ರವಲ್ಲ, ಬೇರೆ ಹಾನಿಯೂ ಉಂಟು. ಊದಿದ ಕೀಲು ತೊಡೆಯ ಮುಂಭಾಗದ ಸ್ನಾಯುವಿಗೆ ಕೆಲಸ ಮಾಡಲು ಬಿಡುವುದಿಲ್ಲ. ಸ್ನಾಯು ಸೋತರೆ ಕಾಲು ನೆಟ್ಟಗಾಗದು, ಚೆನ್ನಾಗಿ ಮಡಚದು.

ದುಗ್ಧರಸದ ಸಂಚಾರಕ್ಕೆ ಹೃದಯದಂಥ ಯಂತ್ರವಿಲ್ಲ. ಚರ್ಮದ ಕೆಳಗೇ ಇರುವ ಅತಿ ಸೂಕ್ಷ್ಮ ನಾಳಗಳು ಸುತ್ತಲಿನ ಅಂಗಾಂಶಕ್ಕೆ ಸಣ್ಣ ಎಳೆಗಳಿಂದ ಅಂಟಿಕೊಂಡಿವೆ. ಚರ್ಮ ಸ್ವಲ್ಪ ಸರಿದರೆ ಆ ಎಳೆಗಳು ನಾಳದ ಬಾಯಿಯನ್ನು ತೆರೆಯುತ್ತವೆ, ದ್ರವ ಒಳಸೇರುತ್ತದೆ. ಮುಂದಿನ ನಾಳಗಳು ತಾವಾಗಿಯೇ ಸಂಕೋಚಗೊಂಡು, ಕವಾಟದಿಂದ ಕವಾಟಕ್ಕೆ ಅದನ್ನು ಸಾಗಿಸಿ, ತೊಡೆಸಂದಿನ ಗ್ರಂಥಿಗಳನ್ನು ಹಾಯಿಸಿ, ಕೊನೆಗೆ ಕೊರಳಿನ ಬುಡದ ಎಲುಬಿನ ಹಿಂದೆ ಇರುವ ರಕ್ತನಾಳಕ್ಕೆ ಸೇರಿಸುತ್ತವೆ. ನಡೆಯುವಾಗಿನ ಸ್ನಾಯುಗಳ ಚಲನೆ ಮತ್ತು ಆಳವಾದ ಉಸಿರಾಟ ಇದಕ್ಕೆ ನೆರವಾಗುತ್ತವೆ. ಕೈಯಿಂದ ದುಗ್ಧರಸವನ್ನು ಹರಿಸುವ ಚಿಕಿತ್ಸೆಯು ಈ ಸ್ವಾಭಾವಿಕ ದಾರಿಯನ್ನೇ ಅನುಸರಿಸುತ್ತದೆ.

ಕರಾವಳಿಯ ಕೃಷಿಕರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಮಳೆ ಕಳೆದ ಮೇಲೆ ತೋಡಿನ ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕಿ ನೀರು ನಿಲ್ಲಿಸುತ್ತಾರೆ. ಮುಂದಿನ ಮಳೆಗಾಲಕ್ಕೆ ಮುನ್ನ ಹಲಗೆ ತೆಗೆಯುತ್ತಾರೆ. ಹಲಗೆ ತೆಗೆಯದೆ ಮೇಲಿನ ಗದ್ದೆಯ ನೀರನ್ನು ಎಷ್ಟು ದೂಡಿದರೂ ಅದು ಹೋಗಬೇಕಾದ ಕಡೆಗೆ ಹೋಗದು. ಈ ಚಿಕಿತ್ಸೆಯಲ್ಲೂ ಹಾಗೆಯೇ. ಮೊದಲ ಸ್ಪರ್ಶ ಊದಿದ ಮೊಣಕಾಲಿಗಲ್ಲ. ಕೊರಳಿನ ಬುಡದಲ್ಲಿ ಆರಂಭಿಸಿ, ಹೊಟ್ಟೆಯಿಂದ ನಿಧಾನವಾಗಿ ಉಸಿರಾಡಿಸಿ, ತೊಡೆಸಂದನ್ನು ತೆರವು ಮಾಡಿ, ಆಮೇಲೆ ತೊಡೆ, ಮೊಣಕಾಲಿನ ಹಿಂಭಾಗ, ಕೊನೆಗೆ ಕೆಳಗಾಲು ಹೀಗೆ ಕ್ರಮ. ಕೈ ಸದಾ ಮೇಲ್ಮುಖ. ಗಾಯದ ಹೊಲಿಗೆಯ ಮೇಲೆ ಕೈ ಹೋಗುವುದಿಲ್ಲ. ಎಣ್ಣೆ ಬೇಡ; ಜಾರುವ ಕೈ ಚರ್ಮವನ್ನು ಸರಿಸಲಾರದು. ಬಲವಂತೂ ಬೇಡವೇ ಬೇಡ. ಚರ್ಮ ಸರಿಯಬೇಕು, ಕೆಳಗಿನ ಮಾಂಸವನ್ನು ಅದುಮಬಾರದು. ಒತ್ತಿ ತಿಕ್ಕಿದರೆ ಸೂಕ್ಷ್ಮ ನಾಳಗಳು ಮುಚ್ಚಿಕೊಳ್ಳುತ್ತವೆ, ಗಾಯಗೊಂಡ ಅಂಗಾಂಶ ಇನ್ನಷ್ಟು ಕೆರಳುತ್ತದೆ. ಬಲ ಹೆಚ್ಚಿದಷ್ಟೂ ಗುಣ ಹೆಚ್ಚೆಂದು ನಂಬಿದವರಿಗೆ ಇದು ಒಪ್ಪುವ ಮಾತಲ್ಲ.

ಈ ವಿದ್ಯೆಯ ಚರಿತ್ರೆಯನ್ನೂ ಸಂಕ್ಷೇಪವಾಗಿ ನೋಡುವುದು ಉಚಿತ. 1622ರಲ್ಲಿ ಇಟಲಿಯ ಗಾಸ್ಪರೆ ಅಸೆಲ್ಲಿ ಎಂಬ ವೈದ್ಯನು ಆಗತಾನೇ ಆಹಾರ ತಿಂದಿದ್ದ ನಾಯಿಯೊಂದನ್ನು ಜೀವಂತವಾಗಿಯೇ ಸೀಳಿ ನೋಡಿದಾಗ, ಕರುಳಿನ ಬಳಿ ಹಾಲಿನಂತೆ ಬಿಳಿಯಾದ ನಾಳಗಳು ಕಂಡವು. ಅಹಿಂಸಾಣುವ್ರತಿಗೆ ಈ ಸಂಗತಿಯನ್ನು ಓದುವಾಗ ಮನಸ್ಸು ಮುದುಡುವುದು ಸಹಜ. ಆದರೆ ಅದನ್ನು ಮರೆಮಾಚುವುದೂ ಧರ್ಮವಲ್ಲ. ಒಂದು ಮೂಕಪ್ರಾಣಿಯ ವೇದನೆಯಿಂದ ದೊರೆತ ತಿಳಿವಳಿಕೆಯನ್ನು ಪಡೆದವರು ಅದನ್ನು ಸುಳ್ಳು ಬೆರೆಸದೆ, ವ್ಯರ್ಥಗೊಳಿಸದೆ ಬಳಸುವ ಹೊಣೆಯನ್ನಾದರೂ ಹೊರಬೇಕು. 1930ರ ದಶಕದಲ್ಲಿ ಡೆನ್ಮಾರ್ಕಿನ ಎಮಿಲ್ ವೋಡರ್ ಮತ್ತು ಅವರ ಪತ್ನಿ ಎಸ್ಟ್ರಿಡ್ ಫ್ರಾನ್ಸಿನಲ್ಲಿ ನೆಲೆಸಿದ್ದಾಗ, ದೀರ್ಘಕಾಲದ ನೆಗಡಿಯಿಂದ ಕುತ್ತಿಗೆಯ ಗ್ರಂಥಿಗಳು ಊದಿದವರಿಗೆ ಹಗುರವಾದ ಕೈಚಲನೆಯ ಈ ಕ್ರಮವನ್ನು ರೂಪಿಸಿದರು. 1936ರಲ್ಲಿ ಪ್ಯಾರಿಸ್ಸಿನಲ್ಲಿ ಅದನ್ನು ಪ್ರದರ್ಶಿಸಿದರು. ಮುಂದೆ ಅದು ಮುಖ್ಯವಾಗಿ ಕ್ಯಾನ್ಸರ್ ಚಿಕಿತ್ಸೆಯ ಬಳಿಕ ಊದುವ ತೋಳು ಕಾಲುಗಳಿಗೆ ಬಳಕೆಯಾಯಿತು.

ಕರಾವಳಿಯವರಿಗೆ ದುಗ್ಧನಾಳದ ರೋಗವೆಂದರೆ ಆನೆಕಾಲು. ಉಡುಪಿ, ದಕ್ಷಿಣ ಕನ್ನಡ ಮತ್ತು ಉತ್ತರ ಕನ್ನಡ ಈ ರೋಗಕ್ಕೆ ಹೆಸರಾಗಿದ್ದ ಜಿಲ್ಲೆಗಳು. ಕನ್ನಡಿಗರು ಬಾಳುವ ಕಾಸರಗೋಡಿನಲ್ಲಿ 1999ರಲ್ಲಿ ಆರಂಭವಾದ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ ಎಂಬ ಸಂಸ್ಥೆಯಲ್ಲಿ ಡಾ. ಎಸ್.ಆರ್. ನರಹರಿಯವರು ಮತ್ತು ಅವರ ಸಹೋದ್ಯೋಗಿಗಳು ಆಧುನಿಕ ಚರ್ಮವೈದ್ಯ, ಆಯುರ್ವೇದ ಮತ್ತು ಯೋಗವನ್ನು ಕೂಡಿಸಿ ಆನೆಕಾಲಿಗೆ ಚಿಕಿತ್ಸಾಕ್ರಮವನ್ನು ರೂಪಿಸಿದ್ದಾರೆ. ಕಾಲನ್ನು ತೊಳೆದು, ಔಷಧೀಯ ಕಷಾಯದಲ್ಲಿ ನೆನೆಸಿ, ಉಸಿರಾಟ ಮತ್ತು ಆಸನಗಳನ್ನು ಮಾಡಿಸಿ, ಕೈಯಿಂದ ದುಗ್ಧರಸವನ್ನು ಹರಿಸಿ, ಬಟ್ಟೆಯ ಪಟ್ಟಿ ಸುತ್ತುವುದು ಅಲ್ಲಿನ ಕ್ರಮ. ಅದರ ಮುಖ್ಯ ಪಾಠವೆಂದರೆ, ರೋಗಿಯೂ ಮನೆಯವರೂ ಕಲಿತು ಪ್ರತಿದಿನ ಮನೆಯಲ್ಲೇ ಮಾಡಬೇಕೆಂಬುದು. ಆನೆಕಾಲು ಬಹುಕಾಲದ ರೋಗ, ಶಸ್ತ್ರಚಿಕಿತ್ಸೆಯ ಬಾವು ಕೆಲವು ತಿಂಗಳಿನದು. ಎರಡನ್ನೂ ಒಂದೇ ಎನ್ನಲಾಗದು. ಆದರೆ ಮನೆಯ ಕೈಯೇ ಮುಖ್ಯವೆಂಬ ಮಾತು ಎರಡಕ್ಕೂ ಹೊಂದುತ್ತದೆ.

ಕಾರ್ಕಳದ ಒಂದು ಮನೆಯ ಉದಾಹರಣೆಯನ್ನು ನೋಡಬಹುದು. ಅಳಿಯಸಂತಾನದ ರೂಢಿಯ ಆ ಮನೆಯಲ್ಲಿ ಎಪ್ಪತ್ತು ದಾಟಿದ ತಾಯಿ ಮಗಳೊಂದಿಗೆ ಇದ್ದಾರೆ. ಮಗನಿಗೆ ಕಾಪುವಿನಲ್ಲಿ ಜವಳಿ ಅಂಗಡಿ. ತಾಯಿಯ ಬಲಮೊಣಕಾಲಿನ ಶಸ್ತ್ರಚಿಕಿತ್ಸೆ ಮಣಿಪಾಲದಲ್ಲಿ ಆಯಿತು. ಐದನೆಯ ದಿನ ಮನೆಗೆ ಬಂದರು. ಕಾಲು ಊದಿತ್ತು, ಬಣ್ಣಗೆಟ್ಟಿತ್ತು. ಮಗನಿಗೆ ಅದನ್ನು ನೋಡಲೇ ಕಷ್ಟವಾಯಿತು. ಅವನು ಕೈ ಮುಂದೆ ಮಾಡದೆ ಹಣವನ್ನು ಮುಂದೆ ಮಾಡಿದನು. ಮನೆಗೇ ಬಂದು ಇಪ್ಪತ್ತು ದಿನ ಕಾಲು ನೀವುವವರನ್ನು ಗೊತ್ತುಮಾಡುತ್ತೇನೆ, ಮುಂಗಡ ಕೊಟ್ಟರೆ ರಿಯಾಯಿತಿಯಂತೆ ಎಂದನು. ತಂಗಿ, “ಅಣ್ಣ, ಮೊದಲು ಕೇಳಿ ನೋಡುವ, ಮತ್ತೆ ಕೊಡುವ” ಎಂದಳು. ಉಡುಪಿಯಿಂದ ಬಂದ ಅಂಗಮರ್ದನ ಚಿಕಿತ್ಸಕಿ ತಾಯಿಯ ಕಾಲನ್ನು ಪರೀಕ್ಷಿಸಿ ಹೇಳಿದ್ದು ಇಷ್ಟು: “ನಾಲ್ಕು ದಿನ ನಾನು ಬಂದು ತೋರಿಸಿಕೊಡುತ್ತೇನೆ ಅಕ್ಕ. ಆಮೇಲೆ ನಿಮ್ಮ ಕೈಯೇ ಸಾಕು. ಇಪ್ಪತ್ತು ದಿನ ಬೇಕೆಂದು ಹೇಳಿದರೆ ಅದು ಸುಳ್ಳಾಗುತ್ತದೆ.”

ಮಗಳು ಕಲಿತಳು. ಕಷ್ಟವಾದುದು ತಾಯಿಗೆ. ಜೀವಮಾನವೆಲ್ಲ ಇತರರಿಗೆ ಬಡಿಸಿದ ಕೈಗಳಿಗೆ ಸೇವೆಯನ್ನು ಸ್ವೀಕರಿಸುವ ಅಭ್ಯಾಸವಿರಲಿಲ್ಲ. ಮಗಳು ತನ್ನ ಕಾಲು ಮುಟ್ಟುವುದು ಅವರಿಗೆ ಸಂಕೋಚ. ನಿರ್ವಿಚಿಕಿತ್ಸಾ ಅಂಗಕ್ಕೆ ನಿದರ್ಶನವಾದ ಉದ್ದಾಯನ ರಾಜನ ಕಥೆಯಲ್ಲಿ, ವ್ಯಾಧಿಗ್ರಸ್ತ ಮುನಿಯ ವೇಷದಲ್ಲಿ ಬಂದ ದೇವನು ವಾಂತಿ ಮಾಡಿದಾಗ ರಾಜದಂಪತಿಗಳು ಹೇಸದೆ ಶುಚಿಗೊಳಿಸಿದರೆಂದು ಶ್ರಾವಕರು ಕೇಳಿದ್ದಾರೆ. ಆ ಕಥೆಯನ್ನು ಕೇಳುವಾಗ ಗಮನವೆಲ್ಲ ಸೇವೆ ಮಾಡಿದವರ ಕಡೆಗೇ ಹೋಗುತ್ತದೆ. ಸೇವೆ ಪಡೆಯುವುದಕ್ಕೂ ಮಾನಕಷಾಯವನ್ನು ಸ್ವಲ್ಪ ಬಿಡಬೇಕಾಗುತ್ತದೆಂಬುದು ರೋಗಿಯ ಮಂಚದಲ್ಲಿ ಮಲಗಿದವರಿಗೆ ಮಾತ್ರ ತಿಳಿಯುತ್ತದೆ.

ಹನ್ನೊಂದನೆಯ ದಿನ ತಾಯಿಯ ಮೀನಖಂಡದಲ್ಲಿ ಬೇರೆ ರೀತಿಯ ನೋವು ಕಾಣಿಸಿತು. ಕಾಲು ಇದ್ದಕ್ಕಿದ್ದಂತೆ ಬಿಗಿದು ಬಿಸಿಯಾಯಿತು. ಅದೇ ಸಂಜೆ ಮಗ ಕಾಪುವಿನಿಂದ ಎಣ್ಣೆ ತಿಕ್ಕುವವನೊಬ್ಬನನ್ನು ಕರೆತಂದಿದ್ದನು. ಬಿಸಿ ಎಣ್ಣೆ ಹಚ್ಚಿ ಬಲವಾಗಿ ನೀವಿದರೆ ರಾತ್ರಿಯೊಳಗೆ ಇಳಿಯುತ್ತದೆಂದು ಆತನ ಭರವಸೆ. ಮಗಳು ಬಾಗಿಲಲ್ಲಿ ನಿಂತು, “ಡಾಕ್ಟರು ನೋಡುವವರೆಗೆ ಅಮ್ಮನ ಕಾಲಿಗೆ ಯಾರೂ ಕೈ ಹಾಕಬಾರದು, ನಾನೂ ಹಾಕುವುದಿಲ್ಲ” ಎಂದಳು. ಅಣ್ಣನಿಗೆ ಸಿಟ್ಟು ಬಂದರೂ ವಾಹನ ಹೊರಡಿಸಿದನು. ಮಣಿಪಾಲದಲ್ಲಿ ಸ್ಕ್ಯಾನ್ ಮಾಡಿದಾಗ ಕಾಲಿನ ಆಳದ ರಕ್ತನಾಳದಲ್ಲಿ ಹೆಪ್ಪು ಕಂಡಿತು. ಅಂಥ ಕಾಲನ್ನು ತಿಕ್ಕಿದರೆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗಿ ಪ್ರಾಣಕ್ಕೆ ಎರವಾಗುವ ಸಂಭವವುಂಟು. ಔಷಧ ಆರಂಭವಾಯಿತು, ವೈದ್ಯರು ಹೇಳುವವರೆಗೆ ಹಗುರವಾದ ಕೈಚಿಕಿತ್ಸೆಯನ್ನೂ ನಿಲ್ಲಿಸಲಾಯಿತು.

ಇಲ್ಲಿ ಎರಡು ವಿಷಯಗಳನ್ನು ಓದುಗರು ಗಮನಿಸಬೇಕು. ಮೀನಖಂಡದಲ್ಲಿ ಹೊಸ ನೋವು, ಒಮ್ಮೆಲೇ ಏರಿದ ಬಾವು, ಗಾಯದ ಸುತ್ತ ಕೆಂಪು, ಕೀವು, ಜ್ವರ, ಇವುಗಳಲ್ಲಿ ಯಾವುದು ಕಂಡರೂ ಯಾವ ಬಗೆಯ ಮರ್ದನವನ್ನೂ ಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಒಂದು ಕ್ಷಣವೂ ತಡಮಾಡಬಾರದು. ಹೃದಯ ದುರ್ಬಲವಾಗಿರುವವರಿಗೂ ವೈದ್ಯರ ಒಪ್ಪಿಗೆಯಿಲ್ಲದೆ ದುಗ್ಧರಸವನ್ನು ಹರಿಸುವ ಚಿಕಿತ್ಸೆ ಸಲ್ಲದು. ಎರಡನೆಯದು ಔಷಧದ ಮಾತು. ಹೆಪ್ಪು ತಡೆಯಲು ಕೊಡುವ ಹೆಪಾರಿನ್ ವರ್ಗದ ಚುಚ್ಚುಮದ್ದುಗಳನ್ನು ಹಂದಿಯ ಕರುಳಿನಿಂದ ತಯಾರಿಸುತ್ತಾರೆ. ರಿವರಾಕ್ಸಬಾನ್, ಎಪಿಕ್ಸಬಾನ್ ಮುಂತಾದ ಗುಳಿಗೆಗಳ ಔಷಧಾಂಶ ರಾಸಾಯನಿಕವಾಗಿ ತಯಾರಾದುದು. ಯಾವುದು ಯಾರಿಗೆ ಹೊಂದುವುದೆಂಬುದು ವೈದ್ಯರ ನಿರ್ಣಯ. ಈ ವಿಷಯದಲ್ಲಿ ಸಂಕೋಚವುಳ್ಳ ಕುಟುಂಬಗಳು ಶಸ್ತ್ರಚಿಕಿತ್ಸೆಗೆ ಮುಂಚೆಯೇ ವಿನಯದಿಂದ ಕೇಳಿ ತಿಳಿಯುವುದು ಯೋಗ್ಯ. ಕೇಳದೆ ಒಪ್ಪಿ, ನಡುವೆ ತಾವಾಗಿ ಔಷಧ ಬಿಡುವುದು ಪ್ರಾಣಾಪಾಯಕ್ಕೆ ದಾರಿ. ಅದರಲ್ಲಿ ಅಹಿಂಸೆಯೂ ಇಲ್ಲ, ವಿವೇಕವೂ ಇಲ್ಲ.

ಆ ರಾತ್ರಿಯ ಬಳಿಕ ಮಗನು ಬದಲಾದನು. ಅವನು ಅಂಗಡಿಯ ಅಳತೆಪಟ್ಟಿಯನ್ನು ಮನೆಗೆ ತಂದನು. ಮಂಡಿಚಿಪ್ಪಿನ ನಡುವೆ ಒಂದು, ಅದರಿಂದ ಹತ್ತು ಸೆಂಟಿಮೀಟರ್ ಮೇಲೆ ಒಂದು ಗುರುತು ಮಾಡಿ, ಮಣಿಪಾಲದ ಸೂಚನೆಯಂತೆ ದಿನಾ ಬೆಳಗ್ಗೆ ಒಂದೇ ಹೊತ್ತಿಗೆ ಅಳೆದು ಖಾತೆಪುಸ್ತಕದಲ್ಲಿ ಬರೆದಿಡತೊಡಗಿದನು. ಅಂಗಡಿಗೆ ಹೋಗುವ ದಿನ ತಂಗಿ ಅಳೆದು ಫೋನಿನಲ್ಲಿ ಹೇಳುವಳು. ಒಂದು ಕಡೆ ಸುತ್ತಳತೆ, ಇನ್ನೊಂದು ಕಡೆ ತಾಯಿ ಹೇಳಿದ ನೋವು, ಮೂರನೆಯ ಕಡೆ ರಾತ್ರಿಯ ನಿದ್ರೆ. ವೈದ್ಯರ ಒಪ್ಪಿಗೆ ದೊರೆತು ಕೈಚಿಕಿತ್ಸೆ ಮತ್ತೆ ಆರಂಭವಾದಾಗ ಅವನು ಕುತೂಹಲದಿಂದ ಲೆಕ್ಕವನ್ನು ಹೋಲಿಸಿದನು. ಬಾವು ಇಳಿಯುತ್ತಿತ್ತು, ಆದರೆ ಕೈಚಿಕಿತ್ಸೆ ನಿಲ್ಲಿಸಿದ್ದ ದಿನಗಳಲ್ಲೂ ಅದು ಹೆಚ್ಚುಕಡಿಮೆ ಹಾಗೆಯೇ ಇಳಿದಿತ್ತು. ನೋವಿನ ಅಂಕಣ ಬೇರೆಯದನ್ನು ಹೇಳುತ್ತಿತ್ತು. ಮಗಳ ಕೈಯ ಅರ್ಧ ಗಂಟೆಯ ಬಳಿಕ ತಾಯಿ ಹಗುರವಾಗುತ್ತಿದ್ದರು. ಆ ಹೊತ್ತಿನಲ್ಲಿ ಕಾಲು ಮಡಚುವ ಅಭ್ಯಾಸ ಮಾಡಿಸಿದರೆ ಒಪ್ಪುತ್ತಿದ್ದರು. “ಇದರಲ್ಲಿ ಬಾವು ಇಳಿಯಿತೆಂದು ಬರೆಯಲೋ ಬೇಡವೋ?” ಎಂದು ಮಗ ಕೇಳಿದನು. “ಕಂಡದ್ದನ್ನೇ ಬರಿ ಮಗ” ಎಂದರು ತಾಯಿ. ಅವನು ಎರಡನ್ನೂ ಬರೆದನು.

ಒಂದು ಮನೆಯ ಖಾತೆಯಿಂದ ವೈದ್ಯಶಾಸ್ತ್ರದ ತೀರ್ಮಾನ ಆಗದು. ಆದರೆ ನಿಯಮಬದ್ಧ ಅಧ್ಯಯನಗಳು ಹೇಳುವುದೂ ಇದಕ್ಕೆ ದೂರವಲ್ಲ. 2013ರಲ್ಲಿ ಪ್ರಕಟವಾದ ಆಸ್ಟ್ರೇಲಿಯದ ಅಧ್ಯಯನವೊಂದರಲ್ಲಿ, ಶಸ್ತ್ರಚಿಕಿತ್ಸೆಯ ಎರಡನೆಯ ದಿನದಿಂದ ನಾಲ್ಕನೆಯ ದಿನದವರೆಗೆ ಈ ಚಿಕಿತ್ಸೆ ಪಡೆದವರ ಮೊಣಕಾಲು ಆರು ವಾರಗಳ ಬಳಿಕವೂ ಇತರರಿಗಿಂತ ಹೆಚ್ಚು ಮಡಚುತ್ತಿತ್ತು. 2016ರ ಸ್ವಿಟ್ಜರ್ಲೆಂಡಿನ ಅಧ್ಯಯನದಲ್ಲಿ ಬಾವು ಕಡಿಮೆಯಾದುದು ಕಾಣಲಿಲ್ಲ. ಚಿಕಿತ್ಸೆಯ ಒಡನೆಯೇ ನೋವು ತಗ್ಗಿತು, ಮೂರು ತಿಂಗಳ ಬಳಿಕ ಕಾಲು ನೆಟ್ಟಗಾಗುವುದರಲ್ಲಿ ಸ್ವಲ್ಪ ಲಾಭ ಕಂಡಿತು. ಆದುದರಿಂದ ಇದು ಪವಾಡವೂ ಅಲ್ಲ, ನಿರರ್ಥಕವೂ ಅಲ್ಲ. ಮುಖ್ಯ ಕೆಲಸ ಮಾಡುವವು ಬೇಗನೆ ಎದ್ದು ನಡೆಯುವುದು, ಪಾದವನ್ನು ಮೇಲೆ ಕೆಳಗೆ ಆಡಿಸುವುದು, ತೊಡೆಯ ಸ್ನಾಯುವನ್ನು ಬಿಗಿಹಿಡಿದು ಬಿಡುವುದು, ಬಟ್ಟೆ ಸುತ್ತಿದ ಮಂಜುಗಡ್ಡೆ, ಕಾಲನ್ನು ಎದೆಗಿಂತ ಎತ್ತರದಲ್ಲಿಟ್ಟು ವಿಶ್ರಮಿಸುವುದು. ದಿಂಬನ್ನು ಹಿಮ್ಮಡಿಯ ಕಡೆ ಇಡಬೇಕು. ಮಂಡಿಯ ಕೆಳಗೇ ಇಟ್ಟರೆ ಕಾಲು ಬಾಗಿಯೇ ಉಳಿಯುವ ಅಪಾಯವುಂಟು. ಇವಕ್ಕೆ ಯಾವುದಕ್ಕೂ ಹೆಚ್ಚಿನ ಖರ್ಚಿಲ್ಲ. ಹಗುರವಾದ ಕೈ ಇವುಗಳಿಗೆ ಸಹಾಯಕ ಮಾತ್ರ.

ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನವೂ ಒಂದು: ಕೊಡುವಾಗ ಕಡಿಮೆ, ಕೊಳ್ಳುವಾಗ ಹೆಚ್ಚು ಅಳೆಯುವುದು. ವ್ಯಾಪಾರಿಗಳು ಇದನ್ನು ತಕ್ಕಡಿ ಮತ್ತು ಗಜಕೋಲಿನ ವಿಷಯವೆಂದು ತಿಳಿಯುತ್ತಾರೆ. ಆರೋಗ್ಯದ ಸೇವೆಯಲ್ಲೂ ಅಳತೆಯುಂಟು. ನಾಲ್ಕು ದಿನ ಸಾಕಾಗುವಲ್ಲಿ ಇಪ್ಪತ್ತು ದಿನಕ್ಕೆ ಮುಂಗಡ ಪಡೆಯುವುದು, ನೋವು ತಗ್ಗಿದ್ದನ್ನು ಬಾವು ಇಳಿದದ್ದೆಂದು ಹೇಳುವುದು ಹೀನಾಧಿಕ ಮಾನದ ಸ್ವಭಾವದವೇ ಹೊರತು ಬೇರೆಯಲ್ಲ. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಹೇಳಿದ ಅತಿಭಾರಾರೋಪಣವನ್ನು ಎತ್ತು ಕುದುರೆಗಳಿಗೆ ಮಾತ್ರ ಅನ್ವಯಿಸುವುದು ರೂಢಿ. ಬೇಗ ಗುಣವಾಗಲೆಂಬ ಆತುರದಿಂದ, ಅಳುವ ವೃದ್ಧೆಯ ಕಾಲನ್ನು ಬಲವಂತವಾಗಿ ಮಡಚುವುದರಲ್ಲೂ ಅದರ ಅಂಶವಿದೆ. ಆ ಮನೆಯಲ್ಲಿ ಆರನೆಯ ವಾರಕ್ಕೆ ತೊಂಬತ್ತು ಡಿಗ್ರಿ, ಮೂರನೆಯ ತಿಂಗಳಿಗೆ ನೂರಹತ್ತು ಡಿಗ್ರಿ ಮಡಚಿತು. ಮೆಟ್ಟಿಲು ಹತ್ತಲು ಅಷ್ಟು ಸಾಕು. ಪದ್ಮಾಸನ ಮಾತ್ರ ಇನ್ನು ಬೇಡವೆಂದು ವೈದ್ಯರು ಹೇಳಿದ್ದಾರೆ. ತಾಯಿ ಈಗ ಕುರ್ಚಿಯ ಮೇಲೆ ಕುಳಿತು ಸಾಮಾಯಿಕ ಮಾಡುತ್ತಾರೆ. ಸಮಭಾವಕ್ಕೆ ಬೇಕಾದುದು ಸ್ಥಿರವಾದ ಆಸನ. ಅದು ನೆಲದ ಮೇಲೆಯೇ ಇರಬೇಕೆಂದಿಲ್ಲ.

ಬಸದಿಗಳ ಆಡಳಿತ ಮಂಡಳಿಗಳು ಈ ವಿಷಯದಲ್ಲಿ ಮಾಡಬಹುದಾದ ಕೆಲಸಗಳು ಸಣ್ಣವು, ಆದರೆ ಅಗತ್ಯವಾದವು. ಸ್ವಾಧ್ಯಾಯದ ಸ್ಥಳದಲ್ಲಿ ಎತ್ತರದ, ಕೈಯಾಸರೆಯುಳ್ಳ ನಾಲ್ಕು ಕುರ್ಚಿಗಳು. ಮೆಟ್ಟಿಲಿನ ಒಂದು ಬದಿಗಾದರೂ ಹಿಡಿಗಂಬಿ. ಅಭಿಷೇಕದ ದಿನ ಒದ್ದೆಯಾದ ಕಲ್ಲಿನ ಮೇಲೆ ಒಣಗಿದ ಹಾಸು. ವರ್ಷಕ್ಕೊಮ್ಮೆ ಉಡುಪಿ ಅಥವಾ ಮಣಿಪಾಲದಿಂದ ತರಬೇತಾದ ಅಂಗಮರ್ದನ ಚಿಕಿತ್ಸಕರನ್ನು ಕರೆಸಿ, ಶಸ್ತ್ರಚಿಕಿತ್ಸೆಯಾದವರ ಮನೆಯವರಿಗೆ ಒಂದು ದಿನದ ಶಿಕ್ಷಣ ಕೊಡಿಸುವುದೂ ಕಷ್ಟವಲ್ಲ. ಅಲ್ಲಿ ಮೊದಲು ಕಲಿಸಬೇಕಾದುದು ಯಾವಾಗ ಕೈ ಹಾಕಬಾರದೆಂಬುದನ್ನು, ಅನಂತರ ಎಷ್ಟು ಹಗುರವಾಗಿ ಹಾಕಬೇಕೆಂಬುದನ್ನು. ಗಂಡುಮಕ್ಕಳೂ ಅಲ್ಲಿ ಕುಳಿತು ಕಲಿಯಲಿ. ಹಣ ಕಳುಹಿಸುವ ಕೈಗೂ ಒಂದು ಅಳತೆಪಟ್ಟಿಯನ್ನು ಹಿಡಿಯುವ ಕೆಲಸ ಸಿಗುತ್ತದೆ.